ಬಟ್ಟೆ ಒಣಗುತ್ತಿದ್ದ ಬೇಲಿ

ಬೇರೆ ಕಡೆ ಮಾಲಿಗಳು ಗಿಡದ ಬೇಲಿಯ ನೆತ್ತಿಯನ್ನು ದುಂಡಗೆ ಕತ್ತರಿಸುತ್ತಾರೆ. ನೋಡಲು ಚೆಂದ, ಮಳೆನೀರೂ ಜಾರಿ ಹೋಗುತ್ತದೆ. ನಮ್ಮ ಅತ್ತಿಗೆ ಮಾತ್ರ ಮಂಚ ಹಾಸಿದ ಹಾಗೆ ಚಪ್ಪಟೆಯಾಗಿ ಕತ್ತರಿಸುತ್ತಿದ್ದರು. ಸೊಂಟದಷ್ಟು ಎತ್ತರ, ಎರಡು ಮೊಳ ಅಗಲ, ಆಸ್ಪತ್ರೆಯ ಮುಂಬಾಗಿಲಿನಿಂದ ಹೆರಿಗೆ ವಾರ್ಡಿನ ಮೂಲೆಯ ತನಕ ಒಂದೇ ಮಟ್ಟ. ಹೊಸದಾಗಿ ಬಂದ ಡಾಕ್ಟರೊಬ್ಬರು, "ಇದೇನಮ್ಮ, ಬೇಲಿಗೆ ಕ್ರಾಪು ಹೊಡೆದುಬಿಟ್ಟಿದ್ದೀರಿ?" ಎಂದು ನಕ್ಕರು. ಅತ್ತಿಗೆ ಕೈ ನಿಲ್ಲಿಸದೆ, "ಹೌದು ಡಾಕ್ಟ್ರೇ, ನಿಮಗೂ ಬೇಕಾದರೆ ಬನ್ನಿ, ಕತ್ತರಿ ಕೈಯಲ್ಲೇ ಇದೆ" ಎಂದರು.

ಆ ಬೇಲಿ ಇದ್ದದ್ದು ಬಟ್ಟೆ ಒಣಗಿಸುವುದಕ್ಕೆ. ದೂರದಿಂದ ಬಂದ ರೋಗಿಗಳ ಜೊತೆಯವರಿಗೆ ನಮ್ಮ ಆಸ್ಪತ್ರೆಯಲ್ಲಿ ಮಲಗಲು ವರಾಂಡ ಇದೆ, ಒಗೆಯಲು ತೋಟದ ನಲ್ಲಿ ಇತ್ತು. ಒಗೆದ ಬಟ್ಟೆಯನ್ನು ಎಲ್ಲಿ ಹಾಕಬೇಕು ಎಂಬುದನ್ನು ಕಟ್ಟಡ ಕಟ್ಟಿಸಿದವರು ಯಾರೂ ಯೋಚಿಸಲಿಲ್ಲ. ಕಿಟಕಿಯ ಕಂಬಿಗೆ ಹಾಕಿದರೆ ನರ್ಸಮ್ಮ ಬೈಯುತ್ತಾರೆ. ಮೆಟ್ಟಿಲ ಪಕ್ಕದ ಕಟಕಟೆಗೆ ಹಾಕಿದರೆ ಕಾವಲಿನವನು ಎಳೆದು ಬಿಸಾಡುತ್ತಾನೆ. ಅತ್ತಿಗೆಗೆ ಇದು ಗೊತ್ತಾದದ್ದು ಕೆಲಸಕ್ಕೆ ಸೇರುವ ಮೊದಲೇ. ನನ್ನ ಅಣ್ಣ ಆ ತೋಟದ ಮಾಲಿಯಾಗಿದ್ದ. ಕಾಯಿಲೆ ಬಿದ್ದು ಅದೇ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದ. ಅದು ಮಳೆಗಾಲ. ಅಣ್ಣನ ಹೊದಿಕೆಗಳನ್ನು ಒಗೆದು, ಹಾಕಲು ಜಾಗವಿಲ್ಲದೆ, ಅತ್ತಿಗೆ ತಮ್ಮ ಮೈಗೇ ಸುತ್ತಿಕೊಂಡು ಕೂತು ಒಣಗಿಸುತ್ತಿದ್ದರು. ಅಣ್ಣ ಉಳಿಯಲಿಲ್ಲ. ಅವನ ಕೆಲಸ ಅತ್ತಿಗೆಗೆ ಬಂತು. ದೊಡ್ಡ ಕತ್ತರಿ ಕೈಗೆ ಸಿಕ್ಕಿದ ವಾರದಲ್ಲೇ ಬೇಲಿಯ ದುಂಡು ನೆತ್ತಿಯನ್ನು ಸಪಾಟು ಮಾಡಿಬಿಟ್ಟರು.

ನನಗೆ ಉರಿದುಹೋಯಿತು. ಅಲ್ಲಿ ಹುಲ್ಲು ಕತ್ತರಿಸುವ ಯಂತ್ರ ತಳ್ಳುವವನು ನಾನು. ಅಣ್ಣನ ಕೈಕೆಳಗೆ ಕೆಲಸ ಕಲಿತವನು. "ಅಣ್ಣ ಎಷ್ಟು ವರ್ಷ ಕೂತು ತಂದ ಆಕಾರ ಅದು ಅತ್ತಿಗೆ!" ಎಂದು ಕೂಗಾಡಿದೆ.

"ನಿಮ್ಮಣ್ಣನ ಆಕಾರದ ಮೇಲೆ ನಿಮ್ಮಣ್ಣನದೇ ಹೊದಿಕೆ ನಿಲ್ಲಲಿಲ್ಲ ಕಣಪ್ಪ. ಜಾರಿ ಜಾರಿ ಕೆಸರಿಗೆ ಬೀಳ್ತಿತ್ತು. ಆ ಚೆಂದ ಇಟ್ಟುಕೊಂಡು ಏನು ನೆಕ್ಕೋದಾ?" ಎಂದರು.

ನಾನು ಯಂತ್ರ ತಳ್ಳಿಕೊಂಡು ಹೋದೆ.

ಬೇಲಿ ಚಪ್ಪಟೆ ಮಾಡಿದಲ್ಲಿಗೆ ಮುಗಿಯಲಿಲ್ಲ. ಕತ್ತರಿಸಿದ ಕಡ್ಡಿ ಮೊನಚಾಗಿ ನಿಂತರೆ ಬಟ್ಟೆ ಹರಿಯುತ್ತದೆ. ಅದಕ್ಕೆ ಕತ್ತರಿಸಿದ ಮೇಲೆ ಅಂಗೈಯಲ್ಲಿ ಸವರಿಕೊಂಡು ಹೋಗಿ, ಚುಚ್ಚಿದ ಕಡೆಯೆಲ್ಲ ಚಿಕ್ಕ ಕತ್ತರಿಯಿಂದ ಇನ್ನೊಮ್ಮೆ ತೆಗೆಯುತ್ತಿದ್ದರು. ಅವರ ಅಂಗೈ ನೋಡಿದರೆ ಬೆಕ್ಕು ಪರಚಿದ ಹಾಗೆ ಇರುತ್ತಿತ್ತು. ನೀರು ಬಿಡುವುದು ಬುಡಕ್ಕೆ ಮಾತ್ರ, ಎಲೆ ಒದ್ದೆಯಾಗಬಾರದು. ಹೆರಿಗೆ ವಾರ್ಡಿನ ಕಡೆಗೆ ಬೆಳಗಿನ ಬಿಸಿಲು ಮೊದಲು ಬೀಳುವುದರಿಂದ ಅಲ್ಲಿ ಮಕ್ಕಳ ಬಟ್ಟೆಗೆ ಮಾತ್ರ ಜಾಗ. ಯಾರಾದರೂ ದೊಡ್ಡವರು ಅಲ್ಲಿ ಪಂಚೆ ಹರವಿದರೆ, "ಏನು ಸ್ವಾಮಿ, ತಾವು ಈಗ ತಾನೇ ಹುಟ್ಟಿದಿರಾ?" ಎಂದು ಕೇಳುತ್ತಿದ್ದರು.

ಮಳೆ ಬಂದರೆ ನಾವು ತೋಟದವರೆಲ್ಲ ಕೈಲಿದ್ದ ಕೆಲಸ ಬಿಟ್ಟು ಓಡಬೇಕು. ಯಾರದೋ ಬಟ್ಟೆ, ಬಾಚಿ ತಂದು ಸಾಮಾನಿನ ಕೋಣೆಯಲ್ಲಿ ಗುಡ್ಡೆ ಹಾಕಬೇಕು. ಆಮೇಲೆ ಹಂಚುವುದು ದೊಡ್ಡ ತಮಾಷೆ. ಒಮ್ಮೆ ಒಂದು ಬನಿಯನ್ನಿಗೆ ಇಬ್ಬರು ಗಂಟು ಬಿದ್ದರು. ಅತ್ತಿಗೆ ಒಬ್ಬನನ್ನು, "ನಿಂದೇ ಅಂತ ಏನು ಗುರುತಪ್ಪ?" ಎಂದು ಕೇಳಿದರು. "ತೂತು ನಂದೇ ಅಮ್ಮ, ನನಗೆ ಗೊತ್ತಾಗಲ್ವಾ?" ಎಂದ. ತೂತಿನವನಿಗೇ ಬನಿಯನ್ ಕೊಟ್ಟರು.

ಇಷ್ಟು ಜನರ ಬಟ್ಟೆ ಕಾಯ್ದ ಅತ್ತಿಗೆಯ ಕೆಲಸ, ಹೆಸರು, ಬೇಲಿ ಮೂರಕ್ಕೂ ಕುತ್ತು ತಂದವನ ಹೆಸರು ಕೊಡೆ.

ಕೊಡೆ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ತೊಡೆಯೆಲುಬು ಮುರಿದುಕೊಂಡ ತಂದೆಯನ್ನು ಕರೆದುಕೊಂಡು ಬಂದಿದ್ದ. ತಿಂಗಳುಗಟ್ಟಲೆ ಇರಬೇಕಾಯಿತು. ಸುಮ್ಮನೆ ಕೂರಲಾರದೆ ವರಾಂಡದಲ್ಲಿ ಕೂತು ನರ್ಸಮ್ಮಂದಿರ ಮುರಿದ ಕೊಡೆಗಳಿಗೆ ಕಡ್ಡಿ ಹಾಕಿಕೊಡುತ್ತಿದ್ದ. ಅದೇ ಹೆಸರಾಯಿತು. ಬಟ್ಟೆ ಹರವಲು ಬಂದ ಮೊದಲ ದಿನ ಅತ್ತಿಗೆಯನ್ನು "ಅಮ್ಮಾ" ಎಂದ. ಅತ್ತಿಗೆ ಅವನ ನರೆತ ತಲೆಯನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಹೆರಬೇಕಿದ್ದರೆ ನಾನು ಹುಟ್ಟೋ ಮೊದಲೇ ಹೆತ್ತಿರಬೇಕಿತ್ತು. ಅಕ್ಕ ಅನ್ನು. ಅದೇ ಹೆಚ್ಚು" ಎಂದರು. ಅಂದಿನಿಂದ ಅಕ್ಕ.

ಅಕ್ಕ ಎಂದವನನ್ನು ಅತ್ತಿಗೆ ಬಿಟ್ಟುಕೊಡುವ ಪೈಕಿಯವರಲ್ಲ. ವರಾಂಡದ ಚಳಿಗೆ ಅವನು ಕೆಮ್ಮುವುದನ್ನು ಕಂಡು ಸಾಮಾನಿನ ಕೋಣೆಯ ಮೂಲೆಯಲ್ಲಿ ಗೋಣಿ ಹಾಸಿಕೊಟ್ಟರು. ನಮ್ಮ ಮನೆಯಿಂದ ಒಯ್ಯುವ ಊಟದ ಡಬ್ಬಿಗೆ ಇನ್ನೆರಡು ಖಾನೆ ಸೇರಿದವು. ನನ್ನ ಹೆಂಡತಿ, "ಹುಲ್ಲು ಕತ್ತರಿಸೋರಿಗೆ ಒಂದು ಖಾನೆ, ಕೊಡೆ ಬಿಚ್ಚೋರಿಗೆ ಎರಡಾ?" ಎಂದು ಗೊಣಗುತ್ತಲೇ ತುಂಬುತ್ತಿದ್ದಳು. ತಂದೆ ಗುಣವಾಗಿ ಊರಿಗೆ ಹೋದ ಮೇಲೂ ಇವನು ಹೋಗಲಿಲ್ಲ. ಊರಿನಲ್ಲಿ ಕೆಲಸವಿಲ್ಲ ಎಂದ. ಅತ್ತಿಗೆ ಸೂಪರ್‌ವೈಜರ್ ಹಿಂದೆ ಅಲೆದು ಅಲೆದು, ನಮ್ಮ ತೋಟದಲ್ಲಿ ನೀರು ಬಿಡುವ ಕೆಲಸಕ್ಕೆ ದಿನಗೂಲಿಯಾಗಿ ಅವನನ್ನು ಹಾಕಿಸಿದರು. ಪೈಪು ಹಿಡಿಯುವುದರಿಂದ ಹಿಡಿದು ಗಿಡದ ಬುಡ ಬಿಡಿಸುವ ತನಕ ಕೈ ಹಿಡಿದು ಕಲಿಸಿದರು. ಅವನೂ ಕಲಿತ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಬೆಣ್ಣೆ. ಸುಳ್ಳೇಕೆ, ನನಗೂ ಅವನು ಇಷ್ಟವಾಗಿದ್ದ. ನನ್ನ ಯಂತ್ರದ ಚಕ್ರ ಕಚ್ಚಿಕೊಂಡಾಗ ಎರಡು ನಿಮಿಷದಲ್ಲಿ ಸರಿಮಾಡಿ, "ಅಣ್ಣಾ, ಇದೂ ಒಂಥರಾ ಕೊಡೆನೇ" ಎಂದು ನಗಿಸಿದ್ದ.

ಬೇಲಿಗೆ ಆಗಾಗ ಹುಳ ಬೀಳುತ್ತದೆ. ಎಲೆಯ ಹಿಂಬದಿಗೆ ಬಿಳಿ ಹಿಟ್ಟು ಉದುರಿಸಿದ ಹಾಗೆ ಕೂತು ರಸ ಹೀರಿ ಗಿಡವನ್ನೇ ಒಣಗಿಸುತ್ತದೆ. ಆಗ ವಿಷದ ಔಷಧಿ ಹೊಡೆಯದೆ ಬೇರೆ ದಾರಿಯಿಲ್ಲ. ಔಷಧಿ ಹೊಡೆದ ಮೇಲೆ ಅತ್ತಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದ ಕೋಲುಗಳನ್ನು ಬೇಲಿಯುದ್ದಕ್ಕೂ ಚುಚ್ಚುತ್ತಿದ್ದರು. ವಾರ್ಡು ವಾರ್ಡಿಗೆ ಹೋಗಿ, "ಕೆಂಪು ಕೋಲು ಇರೋ ತನಕ ಯಾರೂ ಬೇಲಿ ಮುಟ್ಟಬೇಡಿ, ಬಟ್ಟೆಯಿದ್ದರೆ ನಮ್ಮ ಕೋಣೆ ಹಗ್ಗಕ್ಕೆ ಹಾಕಿ" ಎಂದು ಸಾರಿ ಬರುತ್ತಿದ್ದರು. ಆ ಕೋಲನ್ನು ಕೀಳುವುದಕ್ಕೂ ಒಂದು ಕಟ್ಟು ಇತ್ತು: ಚುಚ್ಚಿದವರೇ ಕೀಳಬೇಕು. ಕೆಲವು ದಿನ ಬಿಟ್ಟು, ನೆತ್ತಿಯ ಎಲೆಯನ್ನೆಲ್ಲ ಒಂದು ಪದರ ಕತ್ತರಿಸಿ ತೆಗೆದ ಮೇಲೆ ಅತ್ತಿಗೆ ತಮ್ಮ ಕೈಯಾರೆ ಕೀಳುತ್ತಿದ್ದರು. ತೋಟದಲ್ಲಿ ಬೇರೆ ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ನಾನೂ ಕೂಡ. ಈ ಕಟ್ಟು ಕೊಡೆಗೆ ಚೆನ್ನಾಗಿ ಗೊತ್ತಿತ್ತು.

ಆ ಸಲ ಔಷಧಿ ಹೊಡೆದ ಮರುದಿನ ಅತ್ತಿಗೆ ರಜೆ ಹಾಕಿದ್ದರು. ಅವರ ತಂಗಿಗೆ ಹುಷಾರಿರಲಿಲ್ಲ. ನಾನು ಆಸ್ಪತ್ರೆಯ ಹಿಂದಿನ ಮೈದಾನದಲ್ಲಿ ಹುಲ್ಲು ಹೊಡೆಯುತ್ತಿದ್ದೆ. ಮುಂದಿನ ತೋಟದಲ್ಲಿ ಕೊಡೆ ಒಬ್ಬನೇ. ಅಲ್ಲಿ ನಡೆದದ್ದು ನಮಗೆ ಆಮೇಲೆ ಅವನ ಬಾಯಿಂದಲೇ ತಿಳಿಯಿತು. ಓದುವವರಿಗೆ ಗೊಂದಲ ಬೇಡ ಎಂದು ಇಲ್ಲೇ ಬರೆಯುತ್ತೇನೆ.

ಹೆರಿಗೆ ವಾರ್ಡಿನಿಂದ ಒಬ್ಬಳು ಅಜ್ಜಿ ಬಂದಳು. ಮಗಳ ಹೆರಿಗೆಗೆ ಬಂದು ತಂಗಿದ್ದವಳು. ಅತ್ತಿಗೆ ದಿನವೂ ಸಾಮಾನಿನ ಕೋಣೆಯ ಒಲೆಯಲ್ಲಿ ಬಿಸಿನೀರು ಕಾಯಿಸಿಕೊಡುತ್ತಿದ್ದದ್ದು ಇದೇ ಅಜ್ಜಿಗೆ. ಬಕೆಟ್ ತುಂಬ ಮಗುವಿನ ಬಟ್ಟೆ. ಕೋಣೆಯ ಹಗ್ಗದಲ್ಲಿ ಎಳ್ಳಷ್ಟೂ ಜಾಗವಿರಲಿಲ್ಲ. "ಅಪ್ಪಾ, ಮಗುವಿಗೆ ಸುತ್ತೋಕೆ ಒಂದು ಒಣ ಚೂರಿಲ್ಲ. ಹಸೀಲೇ ಮಲಗಿದೆ" ಎಂದು ಕಣ್ಣು ಒರೆಸಿಕೊಂಡಳು. ಕೊಡೆಗೆ ಮರುಕ ಬಂತು. ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಆದರೆ ಮರುಕದ ಜೊತೆ ಇನ್ನೊಂದೂ ಇತ್ತು: ಅಕ್ಕ ಇಲ್ಲದ ದಿನ ತಾನೂ ಅಕ್ಕನ ಹಾಗೆ ದೊಡ್ಡ ಮನುಷ್ಯ ಎನಿಸಿಕೊಳ್ಳುವ ಚಪಲ. ನೀರಿನವನಿಗೆ ನೀರೇ ಎಲ್ಲಕ್ಕೂ ಮದ್ದು. ಪೈಪು ಎಳೆದು ತಂದು ಬೇಲಿಯ ನೆತ್ತಿಗೆ ಜೋರಾಗಿ ನೀರು ಹೊಡೆದ. ಮಗ್ಗುಲು, ಸಂದು ಎಲ್ಲ ತೊಳೆದ. ಕೆಂಪು ಕೋಲುಗಳನ್ನು ಕಿತ್ತ. ಒಂದು ಗಂಟೆ ಬಿಸಿಲಿಗೆ ಬಿಟ್ಟು, "ಹಾಕಿ ಅಜ್ಜಿ. ಹೇಗೆ ತೊಳೆದಿದ್ದೀನಿ ಅಂದರೆ ಇದರ ಮೇಲೆ ಅನ್ನ ಹಾಕಿಕೊಂಡು ತಿನ್ನಬಹುದು" ಎಂದ.

ನೀರು ಹೊಡೆದರೆ ಆ ಔಷಧಿ ಹೋಗುವುದಿಲ್ಲ. ಎಲೆಗೆ ಅಂಟಲಿ ಎಂದೇ ಅದರಲ್ಲಿ ಜಿಗುಟು ಬೆರೆಸಿರುತ್ತೇವೆ. ಒದ್ದೆ ಎಲೆಯ ಮೇಲೆ ಹರವಿದ ಬಟ್ಟೆ ಅದನ್ನು ಹೀರಿಕೊಂಡಿತು.

ಮರುದಿನ ಬೆಳಗಾಗುವಷ್ಟರಲ್ಲಿ ಮಗುವಿನ ಮೈ ಕೆಂಡದ ಹಾಗೆ ಕೆಂಪಾಗಿತ್ತು. ಕಣ್ಣುಗಳು ಊದಿ ಮುಚ್ಚಿಹೋಗಿದ್ದವು. ಉಸಿರು ಎಳೆಯಲು ಒದ್ದಾಡುತ್ತಿತ್ತು. ಕಾಯಿಲೆಯ ಎಳೆಮಕ್ಕಳನ್ನು ಇಡುವ ಗಾಜಿನ ಕೋಣೆಗೆ ಹಾಕಿದರು. ಬಟ್ಟೆಯ ವಾಸನೆ ನೋಡಿದ ನರ್ಸಮ್ಮ ಕಿರುಚಿಕೊಂಡರು. ಹೆರಿಗೆ ವಾರ್ಡಿನಲ್ಲಿ ಎದ್ದ ಗಲಾಟೆ ಮಧ್ಯಾಹ್ನದೊಳಗೆ ದೊಡ್ಡ ಡಾಕ್ಟರ ಕೋಣೆಗೆ ಬಂತು.

ಅತ್ತಿಗೆ ಅಂದು ಬೆಳಿಗ್ಗೆ ಕೆಲಸಕ್ಕೆ ಬಂದವರು ಬೇಲಿ ನೋಡಿ ನಿಂತುಬಿಟ್ಟಿದ್ದರು. "ಕೋಲೆಲ್ಲಿ?" ಎಂದು ಕೊಡೆಯನ್ನು ಕೇಳಿದರು. "ಗಾಳಿಗೆ ಬಿದ್ದಿರಬೇಕು ಅಕ್ಕಾ" ಎಂದ. ಅಷ್ಟೂ ಕೋಲು ಗಾಳಿಗೆ ಬೀಳುತ್ತವೆಯೇ? ಅವರು ಇನ್ನೂ ಕೇಳುವಷ್ಟರಲ್ಲಿ ದೊಡ್ಡ ಡಾಕ್ಟರಿಂದ ಕರೆ ಬಂತು.

ಕೋಣೆಯೊಳಗೆ ದೊಡ್ಡ ಡಾಕ್ಟರು, ಸೂಪರ್‌ವೈಜರ್, ಅಜ್ಜಿ, ಅತ್ತಿಗೆ, ಕೊಡೆ. ನನ್ನನ್ನು ಕರೆದಿರಲಿಲ್ಲ, ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಎಲ್ಲವೂ ಕೇಳಿಸುತ್ತಿತ್ತು.

"ಬೇಲಿ ಮೇಲೆ ಬಟ್ಟೆ ಹಾಕಬಹುದು ಅಂತ ನಿಮಗೆ ಹೇಳಿದ್ದು ಯಾರು?" ಎಂದು ದೊಡ್ಡ ಡಾಕ್ಟರು ಅಜ್ಜಿಯನ್ನು ಕೇಳಿದರು.

ಅಜ್ಜಿ ಸಣ್ಣ ದನಿಯಲ್ಲಿ, "ಈ ಅಮ್ಮನೇ ಹೇಳಿದ್ದು" ಎಂದಳು.

"ನಾನಾ?" ಅತ್ತಿಗೆಯ ದನಿ ಒಡೆಯಿತು. "ಅಜ್ಜೀ, ನಾನು ನಿನ್ನೆ ಇಲ್ಲಿ ಇರಲೇ ಇಲ್ಲವಲ್ಲ!"

"ಮೊನ್ನೆನೇ ಹೇಳಿದ್ದಿರಿ."

"ಮೊನ್ನೆ ನಿಮ್ಮ ಮಂಚದ ಹತ್ತಿರ ಬಂದು ಮುಟ್ಟಬೇಡಿ ಅಂತ ಹೇಳಿ ಹೋದೆ. ನಿಮ್ಮ ಮಗಳು ತಲೆ ಆಡಿಸಿದಳು. ಹೇಳಿ ಅಜ್ಜಿ, ಆಡಿಸಿದಳೋ ಇಲ್ಲವೋ?"

ಅತ್ತಿಗೆ ಕೊಡೆಯನ್ನು ಕೇಳಿದರು. "ಲೋ, ನೀನಾದರೂ ಹೇಳೋ. ಕೆಂಪು ಕೋಲು ಚುಚ್ಚಿದೆನೋ ಇಲ್ಲವೋ? ಕೋಲಿನ ಕಂತೆ ಹಿಡಿದುಕೊಂಡು ನನ್ನ ಹಿಂದೆ ಬಂದವನು ನೀನೇ ಅಲ್ಲವೇನೋ?"

ಆಮೇಲೆ ಕೊಡೆಯ ದನಿ. ಅದೇ ಬೆಣ್ಣೆಯ ದನಿ.

"ಯಾವಾಗಲೂ ಚುಚ್ತಾರೆ ಸಾರ್. ಈ ಸಲ ಚುಚ್ಚಿದ್ದನ್ನ ನಾನು ನೋಡಿಲ್ಲ."

ನಾನು ಬಾಗಿಲು ನೂಕಿಕೊಂಡು ಒಳಗೆ ನುಗ್ಗಿದೆ. ಏನು ಕೂಗಿದೆನೋ ಪೂರ್ತಿ ನೆನಪಿಲ್ಲ. "ಅನ್ನ ತಿಂದ ಬಾಯಲ್ಲಿ ಏನೋ ಬೊಗಳ್ತಿದ್ದೀಯಾ" ಎಂದದ್ದು ನೆನಪಿದೆ. ಅವನ ಅಂಗಿಯ ಕೊರಳಿಗೆ ಕೈ ಹಾಕಿದ್ದೆ. ಸೂಪರ್‌ವೈಜರ್ ಮತ್ತು ಕಾವಲಿನವನು ಸೇರಿ ನನ್ನನ್ನು ಹೊರಗೆ ಎಳೆದು ಹಾಕಿದರು. "ಮನೆಯವರೆಲ್ಲ ಒಂದಾಗಿ ಬಂದು ಬಡಪಾಯಿ ದಿನಗೂಲಿಯವನನ್ನ ಹೆದರಿಸ್ತೀರಾ?" ಎಂದು ದೊಡ್ಡ ಡಾಕ್ಟರು ಅತ್ತಿಗೆಗೆ ಗದರಿದ್ದು ಬಾಗಿಲು ಮುಚ್ಚುವಾಗ ಕೇಳಿಸಿತು.

ಕೆಲಸ ಹೋಗಲಿಲ್ಲ. ಕಾಯಂ ಕೆಲಸ, ಅಷ್ಟು ಸುಲಭಕ್ಕೆ ತೆಗೆಯಲಾರರು. ಮುಂದಿನ ತೋಟದಿಂದ ಅತ್ತಿಗೆಯನ್ನು ತೆಗೆದು, ಅಡುಗೆಮನೆಯ ಹಿಂದೆ ಒಡೆದ ಕುಂಡಗಳನ್ನು ರಾಶಿ ಹಾಕಿದ್ದ ಮೂಲೆಗೆ ಹಾಕಿದರು. ಬೇಲಿಯನ್ನು ಬುಡಸಮೇತ ಕಿತ್ತು ಕಬ್ಬಿಣದ ಕಂಬಿ ನಿಲ್ಲಿಸಬೇಕು, ಇನ್ನು ಮುಂದೆ ತೋಟದಲ್ಲಿ ಯಾರೂ ಬಟ್ಟೆ ಒಣಗಿಸಕೂಡದು ಎಂದು ಆಜ್ಞೆಯಾಯಿತು.

ಸುದ್ದಿ ಹರಡಿದ ಮೇಲೆ ಜನರನ್ನು ನೋಡಬೇಕಿತ್ತು. ಹಿಂದಿನ ದಿನದ ತನಕ "ಅಮ್ಮಾ, ನಮ್ಮ ಬಟ್ಟೆ ಸ್ವಲ್ಪ ನೋಡಿಕೊಳ್ಳಿ" ಎನ್ನುತ್ತಿದ್ದ ಹೆಂಗಸೊಬ್ಬಳು ತನ್ನ ಒಣ ಬಟ್ಟೆಗಳನ್ನು ಅತ್ತಿಗೆಯ ಎದುರೇ ಮೂಸಿ ನೋಡಿ ಮತ್ತೆ ಒಗೆಯಲು ಹಾಕಿದಳು. ಎಲುಬಿನ ವಾರ್ಡಿನ ಒಬ್ಬ, ತನ್ನ ಅಪ್ಪನಿಗೆ ಬಂದಿದ್ದ ಕಜ್ಜಿಗೂ ಈ ಬೇಲಿಯೇ ಕಾರಣ ಎಂದ. ಅವನಪ್ಪ ಕಜ್ಜಿ ಹೊತ್ತುಕೊಂಡೇ ಆಸ್ಪತ್ರೆಗೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ನರ್ಸಮ್ಮಂದಿರು, "ಪಾಪ, ಕೊಡೆ ಒಳ್ಳೆಯವನು, ನಿಜ ಹೇಳಬೇಕಾಯ್ತು" ಎಂದು ಮಾತಾಡಿಕೊಂಡರು. ವರ್ಷಗಟ್ಟಲೆ ಸಾವಿರ ಜನರ ಬಟ್ಟೆಯನ್ನು ಮಳೆಯಿಂದ ಎತ್ತಿ ತಂದವರ ಪರವಾಗಿ ಒಂದು ಬಾಯಿಯೂ ತೆರೆಯಲಿಲ್ಲ. ಯಾರು ತೆರೆಯಬೇಕು? ಅತ್ತಿಗೆಯಿಂದ ಉಪಕಾರ ಪಡೆದವರೆಲ್ಲ ಗುಣವಾಗಿ ಊರಿಗೆ ಹೋದವರು. ಆಸ್ಪತ್ರೆಯಲ್ಲಿ ಹಳಬರು ಎಂಬುವರೇ ಇರುವುದಿಲ್ಲ.

ಅತ್ತಿಗೆ ಮಾತ್ರ ದಿನವೂ ಕೆಲಸ ಬಿಟ್ಟ ಮೇಲೆ ಗಾಜಿನ ಕೋಣೆಯ ಹೊರಗೆ ಹೋಗಿ ನಿಲ್ಲುತ್ತಿದ್ದರು. ಅಜ್ಜಿ ಕಂಡರೆ ಮುಖ ತಿರುಗಿಸುತ್ತಿದ್ದಳು. ನಿಂತು, ಮಗುವನ್ನು ನೋಡಿ, ಬರುತ್ತಿದ್ದರು. ಮನೆಗೆ ಬಂದು, "ಇವತ್ತು ಒಂದು ಕಣ್ಣು ಬಿಟ್ಟಿದೆ" ಎನ್ನುತ್ತಿದ್ದರು. ಮತ್ತೊಂದು ದಿನ, "ಹಾಲು ಕುಡೀತಂತೆ." ಕಡೆಗೊಂದು ದಿನ ಮಗು ತಾಯಿಯ ಮಗ್ಗುಲಿಗೆ ಮರಳಿತು. ಅಂದು ಮನೆಯಲ್ಲಿ ಅತ್ತಿಗೆ ಮೊದಲ ಸಲ ಹೊಟ್ಟೆ ತುಂಬ ಉಂಡರು.

ಅದೇ ಸಂಜೆ ಕೊಡೆ ನಮ್ಮ ಮನೆಗೆ ಬಂದ. ಬಾಗಿಲಲ್ಲಿ ಅವನ ಮುಖ ಕಂಡದ್ದೇ ನನ್ನ ಹೆಂಡತಿ ಪೊರಕೆ ಕೈಗೆತ್ತಿಕೊಂಡಳು, ಗುಡಿಸುವುದಕ್ಕಲ್ಲ. ನಾನು ಎದ್ದು ನಿಂತೆ. ಅತ್ತಿಗೆ, "ಇಬ್ಬರೂ ಸುಮ್ಮನಿರಿ. ಬಂದವನು ಏನೋ ಹೇಳೋಕೆ ಬಂದಿದ್ದಾನೆ" ಎಂದರು.

ಹೊಸಿಲಿನ ಹೊರಗೇ ಕುಕ್ಕರಗಾಲಿನಲ್ಲಿ ಕೂತು ಅವನು ಎಲ್ಲ ಹೇಳಿದ. ಪೈಪಿನಲ್ಲಿ ತೊಳೆದದ್ದು, ಕೋಲು ಕಿತ್ತದ್ದು, ಮಗು ಹಾಗಾದ ಮೇಲೆ ಕೋಲುಗಳನ್ನು ತರಗೆಲೆಯ ಜೊತೆ ಸುಟ್ಟದ್ದು. ಅಜ್ಜಿಯ ಕಾಲು ಹಿಡಿದದ್ದು ಕೂಡ.

"ಅಜ್ಜಿಗೆ ಏನು ಹೇಳಿದೆ?" ಎಂದು ಅತ್ತಿಗೆ ಕೇಳಿದರು.

"ನಿಜ ಹೇಳಿದರೆ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ ಆಗ್ತದೆ, ಅಕ್ಕನ ಹೆಸರು ಹೇಳಿಬಿಡಿ ಅಂದೆ. ನೀವು ಕಾಯಂ ಅಕ್ಕಾ. ಬೈದು ಬಿಡ್ತಾರೆ, ಅಷ್ಟೇ ಅಂದುಕೊಂಡೆ. ನನ್ನನ್ನಾದರೆ ಅವತ್ತೇ ಗೇಟಿಂದ ಆಚೆ ಹಾಕ್ತಿದ್ದರು. ನಿಮಗೆ ಏನೂ ಆಗಲ್ಲ ಅಂತ ಗೊತ್ತಿದ್ದಕ್ಕೇ..."

"ಅಬ್ಬಾ, ಎಷ್ಟು ಯೋಚನೆ ಮಾಡಿದ್ದೀಯೋ ಅಕ್ಕನ ಬಗ್ಗೆ!" ಎಂದಳು ನನ್ನ ಹೆಂಡತಿ.

ಅತ್ತಿಗೆ ನಗಲಿಲ್ಲ. "ನೀನು ಅವತ್ತು ಬೆಳಿಗ್ಗೆ ಬಂದು ಅಕ್ಕಾ ಹೀಗಾಯ್ತು, ನೀವು ಹೊತ್ತುಕೊಳ್ಳಿ ಅಂತ ಕೇಳಿದ್ದರೆ ನಾನು ಹೊತ್ತುಕೊಳ್ತಿದ್ದೆ. ಬೈದು, ಎರಡು ಬಾರಿಸಿ, ಹೊತ್ತುಕೊಳ್ತಿದ್ದೆ. ಅದು ನಿನಗೆ ಗೊತ್ತಿರಲಿಲ್ಲವಾ?"

ಅವನು ತಲೆ ತಗ್ಗಿಸಿದ. "ಗೊತ್ತಿತ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ನಾಚಿಕೆಯಾಯ್ತು."

ಕೇಳಲು ನಾಚಿಕೆ, ಕೇಳದೆ ಹೊರಿಸಲು ನಾಚಿಕೆಯಿಲ್ಲ. ಅತ್ತಿಗೆ ಇನ್ನೊಂದು ಕೇಳಿದರು.

"ಮಗು ನೋಡೋಕೆ ಹೋಗಿದ್ದೆಯಾ?"

"ಇಲ್ಲ ಅಕ್ಕಾ. ಧೈರ್ಯ ಬರಲಿಲ್ಲ."

"ಒಂದು ಸಲಾನೂ?"

"ಇಲ್ಲ."

ಅದನ್ನು ಕೇಳಿದ ಮೇಲೆ ಅತ್ತಿಗೆಯ ಮುಖ ಬದಲಾಯಿತು. ಅಲ್ಲಿಯ ತನಕ ಅವನ ಮೇಲೆ ಉಳಿದಿದ್ದ ಅಕ್ಕರೆ ಅವರ ಕಣ್ಣಿನಿಂದ ಹೋಯಿತು. "ನಾಳೆ ಬೆಳಿಗ್ಗೆ ಬೇಲಿ ಕೀಳ್ತಾರೆ" ಎಂದರು. "ಗುದ್ದಲಿ ಬೀಳೋ ಮುಂಚೆ ನೀನು ದೊಡ್ಡ ಡಾಕ್ಟರ ಹತ್ತಿರ ಹೋಗಿ ನಿಜ ಹೇಳು. ನನ್ನ ಹೆಸರಿಗಲ್ಲ. ನನ್ನ ಹೆಸರು ಹಾಳಾಗಿ ಹೋಗಲಿ. ಬೇಲಿ ಉಳಿಯಲಿ. ಕೋಲು ಇದ್ದಿದ್ದರೆ ಹೀಗಾಗ್ತಿರಲಿಲ್ಲ, ಬೇಲಿದು ತಪ್ಪಿಲ್ಲ ಅಂತ ಅವರಿಗೆ ತಿಳಿದರೆ ಬಿಟ್ಟಾರು. ನಿನ್ನ ಕೆಲಸದ ಬಗ್ಗೆ ನಾನೇ ಅವರ ಕಾಲಿಗೆ ಬೀಳ್ತೀನಿ."

ಅವನು ಕಣ್ಣೀರು ಹಾಕಿದ. "ಹೇಳ್ತೀನಿ ಅಕ್ಕಾ. ನನ್ನ ಅಪ್ಪನಾಣೆ ಹೇಳ್ತೀನಿ." ಅವನು ಹೋದ ಮೇಲೆ ಹೆಂಡತಿ ಪೊರಕೆಯನ್ನು ಮೂಲೆಗೆ ಇಟ್ಟು, "ಅಳೋ ಗಂಡಸನ್ನ ನಾನು ನಂಬಲ್ಲ" ಎಂದಳು. ಸುಳ್ಳಲ್ಲ, ಅವನು ಹೇಳಿಯೇ ಹೇಳುತ್ತಾನೆ ಎಂದು ನನಗೂ ಅನ್ನಿಸಿತ್ತು.

ಬೆಳಿಗ್ಗೆ ಸೂಪರ್‌ವೈಜರ್ ನನ್ನ ಕೈಗೆ ಗುದ್ದಲಿ ಕೊಟ್ಟ. ಕೀಳುವ ಕೆಲಸಕ್ಕೆ ನನ್ನನ್ನೂ ಕೊಡೆಯನ್ನೂ ಹಾಕಿದ್ದ. ಅತ್ತಿಗೆ ತಮ್ಮ ಕುಂಡದ ಮೂಲೆ ಬಿಟ್ಟು ಮುಂದಿನ ತೋಟಕ್ಕೆ ಬಂದು ನಿಂತಿದ್ದರು. ಯಾರೂ ಹೋಗು ಎನ್ನಲಿಲ್ಲ. ಬೇಲಿ ಎಂದಿನ ಹಾಗೆ ಮಟ್ಟಸವಾಗಿತ್ತು, ಮೇಲೆ ಒಂದು ಬಟ್ಟೆಯೂ ಇರಲಿಲ್ಲ.

ಕೊಡೆ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ತಲೆ ಬಾಚಿದ್ದ. ಅತ್ತಿಗೆಯ ಕಡೆ ನೋಡಿ, "ಹೋಗಿ ಬರ್ತೀನಿ ಅಕ್ಕಾ" ಎಂದು ಮುಂಬಾಗಿಲಿನ ಕಡೆ ನಡೆದ. ನಾನು ಗುದ್ದಲಿ ಊರಿ ಕಾದೆ. ಅವನು ಮೆಟ್ಟಿಲ ಹತ್ತಿರ ಹೋಗುವಷ್ಟರಲ್ಲಿ ದೊಡ್ಡ ಡಾಕ್ಟರು ತಾವೇ ಹೊರಗೆ ಬಂದರು, ಕೆಲಸ ಶುರುವಾಯಿತೋ ಇಲ್ಲವೋ ಎಂದು ನೋಡಲು. ಕೊಡೆ ಕೈ ಕಟ್ಟಿ ನಿಂತ. ನಮಗೂ ಅವರಿಗೂ ನಡುವೆ ಹೆಚ್ಚು ದೂರವಿರಲಿಲ್ಲ.

"ಏನಪ್ಪಾ?" ಎಂದರು.

ಕೊಡೆ ಅಂಗೈ ಉಜ್ಜಿದ. ಒಮ್ಮೆ ನಮ್ಮ ಕಡೆ ತಿರುಗಿ ನೋಡಿದ. ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದರು, ಮಗು ಮೊದಲ ಸಲ ನಡೆಯುವಾಗ ದೊಡ್ಡವರು ಬರುತ್ತಾರಲ್ಲ, ಹಾಗೆ.

"ಏನಿಲ್ಲ ಸಾರ್" ಎಂದ ಕೊಡೆ. "ಬೇಲಿ ಕಿತ್ತ ಮೇಲೆ ಇವರೆಲ್ಲ ಬಟ್ಟೆ ಒಗೆಯೋ ನಲ್ಲೀನೂ ಬಂದ್ ಮಾಡಿಬಿಡಬೇಕಾ ಅಂತ ಕೇಳೋಣ ಅಂತ."

"ಹೌದು, ಅದನ್ನೂ ಮಾಡು. ಒಳ್ಳೇದಾಯ್ತು ಕೇಳಿದ್ದು." ದೊಡ್ಡ ಡಾಕ್ಟರು ಅವನ ಹೆಗಲು ತಟ್ಟಿದರು. "ಕೇಳಿ ಕೆಲಸ ಮಾಡೋರೇ ಇಲ್ಲಿ ಕಡಿಮೆ. ನೀನಾದರೂ ಹೀಗೇ ಇರು."

ಅವರು ಒಳಗೆ ಹೋದರು. ಕೊಡೆ ನಮ್ಮ ಕಡೆ ಬರಲಿಲ್ಲ. ನೇರ ನಲ್ಲಿಯ ಹತ್ತಿರ ಹೋಗಿ, ಬಗ್ಗಿ, ತಿರುವತೊಡಗಿದ. ಹಳೆಯ ನಲ್ಲಿ, ಸಲೀಸಾಗಿ ತಿರುಗುತ್ತಿರಲಿಲ್ಲ. ಎರಡೂ ಕೈ ಹಾಕಿ ಬಲವಾಗಿ ತಿರುವಿದ.

ನಾನು ಗುದ್ದಲಿ ಬಿಸಾಡಿ ಓಡಿದೆ. ಎರಡು ಮಾರು ಹೋಗಿರಲಿಲ್ಲ, ಅತ್ತಿಗೆ ಹಿಂದಿನಿಂದ ನನ್ನ ರಟ್ಟೆ ಹಿಡಿದರು. ಕತ್ತರಿ ಹಿಡಿದು ಗಟ್ಟಿಯಾದ ಕೈ. ಕಿತ್ತುಕೊಳ್ಳಲು ಆಗಲಿಲ್ಲ.

"ಬಿಡಿ ಅತ್ತಿಗೆ. ಎರಡೇ ಏಟು."

"ಬೇಡ."

"ಅವನಪ್ಪನಾಣೆ ಇಟ್ಟವನು! ನಿಮ್ಮ ಕೈ ಅನ್ನ ತಿಂದವನು!"

"ಗೊತ್ತು. ನೀನು ಹೊಡೆದರೆ ಅವನು ರಾತ್ರಿ ಹಾಯಾಗಿ ಮಲಗ್ತಾನೆ. ಏಟು ತಿಂದೆ, ಸರಿಹೋಯ್ತು ಅಂದುಕೊಳ್ತಾನೆ." ಅತ್ತಿಗೆಯ ದನಿಯಲ್ಲಿ ನಡುಕವಿರಲಿಲ್ಲ. "ಅವನಿಗೆ ಸರಿಹೋಗೋದು ಬೇಡ."

ರಟ್ಟೆ ಬಿಟ್ಟರು. ನಾನು ಬಿಸಾಡಿದ್ದ ಗುದ್ದಲಿಯನ್ನು ತಾವೇ ಎತ್ತಿಕೊಂಡು, ಹೆರಿಗೆ ವಾರ್ಡಿನ ಮೂಲೆಯ ಗಿಡದ ಬುಡಕ್ಕೆ ಮೊದಲ ಪೆಟ್ಟು ಹಾಕಿದರು. ಮಧ್ಯಾಹ್ನದ ತನಕ ನಾವಿಬ್ಬರೇ ಕಿತ್ತೆವು. ಕೊಡೆ ದೂರದಲ್ಲಿ ಏನೋ ಕೆಲಸವಿರುವ ಹಾಗೆ ಪೈಪು ಸುತ್ತುತ್ತಿದ್ದ.

ಈಗಲೂ ಅವನು ಅದೇ ತೋಟದಲ್ಲಿ ನೀರು ಬಿಡುತ್ತಾನೆ. ನನ್ನ ಯಂತ್ರದ ಸದ್ದು ಹತ್ತಿರ ಬಂದರೆ ಪೈಪು ಎಳೆದುಕೊಂಡು ಆಚೆ ಬದಿಗೆ ಹೋಗುತ್ತಾನೆ. ಒಮ್ಮೊಮ್ಮೆ ಬೇಕೆಂದೇ ನನ್ನ ಎದುರು ಬಂದು ನಿಲ್ಲುತ್ತಾನೆ. ಬೈದರೂ ಸರಿ, ಹೊಡೆದರೂ ಸರಿ ಎಂಬ ಹಾಗೆ. ಕೈ ತುರಿಸುತ್ತದೆ. ನಾನು ಹೊಡೆಯುವುದಿಲ್ಲ.